ಬಿದ್ದರೂ ಏಳುವಷ್ಟು ಎತ್ತರ

ಬೀದಿಯಲ್ಲಿ ಯಾರಾದರೂ ಮನೆ ಕಟ್ಟಲು ಶುರು ಮಾಡಿದರೆಂದರೆ ಮೊದಲು ಬಂದು ಬೀಳುವುದು ಒಂದು ಲೋಡು ಮರಳು. ಈಗ ಅದು ಹೊಳೆಯ ಮರಳಲ್ಲ, ಕ್ರಷರ್‌ನಿಂದ ಬರುವ ಎಂ-ಸ್ಯಾಂಡ್. ಮಕ್ಕಳಿಗೆ ಆ ಭೇದವಿಲ್ಲ. ಲಾರಿ ಬೀದಿ ದಾಟುವ ಮೊದಲೇ ಮೂರು ನಾಲ್ಕು ವರ್ಷದ ಚಿಳ್ಳೆಪಿಳ್ಳೆಗಳು ರಾಶಿಯ ತುದಿ ಏರಿರುತ್ತವೆ. ಹತ್ತುವುದು, ಜಾರುವುದು, ಅರ್ಧ ದಾರಿಯಲ್ಲಿ ಕಾಲು ಹೂತು ಕೂತುಬಿಡುವುದು, ಒದ್ದೆ ಮರಳಿನಡಿ ಪಾದ ಇಟ್ಟು ಗುಬ್ಬಚ್ಚಿ ಗೂಡು ಕಟ್ಟುವುದು, ಪಕ್ಕದವನು ಅದನ್ನು ತುಳಿದಾಗ ಬೀದಿಗೆಲ್ಲ ಕೇಳುವ ಹಾಗೆ ಅತ್ತು, ಮೂಗು ಒರೆಸಿಕೊಂಡು ಇನ್ನೊಂದು ಕಟ್ಟುವುದು. ಅಷ್ಟರಲ್ಲಿ ಗೇಟಿನಿಂದ ಕೂಗು ಬರುತ್ತದೆ: ‘ಇಳಿಯೋ ಕೆಳಗೆ, ಬೀಳ್ತೀಯ!’ ಮಗು ಇಳಿಯುತ್ತದೆ. ಒಳಗೆ ಹೋಗಿ ಮೊಬೈಲು ಹಿಡಿಯುತ್ತದೆ.

ಆ ಕೂಗಿನಲ್ಲಿ ಪ್ರೀತಿಯೇ ಇದೆ, ಅನುಮಾನವಿಲ್ಲ. ಆದರೆ ರಾಶಿಯ ಮೇಲೆ ನಡೆಯುತ್ತಿದ್ದುದು ಏನು ಎಂದು ಒಂದು ನಿಮಿಷ ನೋಡೋಣ. ಮರಳು ಪ್ರತಿ ಹೆಜ್ಜೆಗೂ ಕುಸಿಯುತ್ತದೆ. ಒಳಕಿವಿ, ಕಣ್ಣು, ಮೊಣಕಾಲು, ಹಿಮ್ಮಡಿ ಎಲ್ಲ ಸೇರಿ ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಮೈಯ ತೂಕವನ್ನು ಸರಿದೂಗಿಸಬೇಕು. ಅದಕ್ಕಿಂತ ದೊಡ್ಡ ಕೆಲಸ ಮನಸ್ಸಿನೊಳಗೆ ನಡೆಯುತ್ತಿತ್ತು: ಮಾಡಿದ್ದು ಹಾಳಾಯಿತು, ದುಃಖ ಉಕ್ಕಿತು, ದುಃಖ ಇಳಿಯಿತು, ಮಗು ಮತ್ತೆ ಕೈ ಹಾಕಿತು. ಈ ಸುತ್ತು ಅರ್ಧ ಗಂಟೆಯಲ್ಲಿ ಎಷ್ಟು ಸಲ ಬೇಕಾದರೂ ಬಂದುಹೋಗುತ್ತದೆ. ಸ್ಲೇಟು ಹಿಡಿದು ಕೂತ ಮಗುವಿಗೂ ಸೋಲು ಬರುತ್ತದೆ. ಆದರೆ ಅಲ್ಲಿ ಸೋತೆ ಎಂದು ಹೇಳುವವರು ದೊಡ್ಡವರು. ಮರಳಿನ ಮೇಲೆ ಅದನ್ನು ಹೇಳುವುದು ಮರಳೇ. ಮರಳಿನ ಮಾತಿಗೆ ಮಗು ಅವಮಾನಪಡುವುದಿಲ್ಲ.

ಎಡವಿದಾಗ ಸಾವರಿಸಿಕೊಳ್ಳುವ ಶಕ್ತಿ ಮಕ್ಕಳಲ್ಲಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ತುಂಬ ದೀರ್ಘಕಾಲ ಉತ್ತರ ಹುಡುಕಿದ್ದು ಹವಾಯಿಯ ಕವಾಯಿ ಎಂಬ ಪುಟ್ಟ ದ್ವೀಪದಲ್ಲಿ. ಮನಃಶಾಸ್ತ್ರಜ್ಞೆ ಎಮಿ ವರ್ನರ್ ಮತ್ತು ಸಂಗಡಿಗರು 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ, ಅವರು ನಡುವಯಸ್ಸಿಗೆ ಬರುವವರೆಗೂ ಗಮನಿಸುತ್ತ ಹೋದರು. ಬಡತನ, ಹೆರಿಗೆಯಲ್ಲಿ ತೊಂದರೆ, ಕುಡಿತ, ಮನೆಯಲ್ಲಿ ಮಾನಸಿಕ ಕಾಯಿಲೆ ಹೀಗೆ ನಾಲ್ಕಾರು ಕಷ್ಟಗಳು ಒಟ್ಟಿಗೇ ತಲೆ ಮೇಲೆ ಬಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದು ನಿಂತರು. ಕೆಲಸ, ಸಂಸಾರ, ನೆಂಟಸ್ತಿಕೆ ಎಲ್ಲವನ್ನೂ ನಿಭಾಯಿಸಿದರು. ಇವರಲ್ಲಿ ಸಾಮಾನ್ಯವಾಗಿ ಕಂಡದ್ದು ದೊಡ್ಡ ಪವಾಡವೇನಲ್ಲ. ಬದುಕಿನಲ್ಲಿ ಒಬ್ಬರಾದರೂ ನೆಚ್ಚಬಹುದಾದ ಹಿರಿಯರಿದ್ದರು, ಅದು ಅಜ್ಜಿಯೋ ಮೇಷ್ಟರೋ ಪಕ್ಕದ ಮನೆಯವರೋ ಯಾರಾದರೂ ಆಗಬಹುದು. ಜೊತೆಗೆ, ನನ್ನ ಕೈಲಾಗುತ್ತದೆ ಎಂಬ ನಂಬಿಕೆ ಹುಟ್ಟಿಸುವ ಸಣ್ಣಪುಟ್ಟ ಹೊಣೆಗಳಿದ್ದವು. ಮುಂದೆ 2001ರಲ್ಲಿ ಆನ್ ಮಾಸ್ಟೆನ್ ಎಂಬ ಅಮೆರಿಕದ ಸಂಶೋಧಕಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿ ಇದನ್ನೇ ಹೇಳಿದರು: ಈ ಶಕ್ತಿ ಕೆಲವರಿಗೆ ಮಾತ್ರ ಸಿಕ್ಕ ವರವಲ್ಲ, ದಿನನಿತ್ಯದ ಆಸರೆಗಳು ಸರಿಯಾಗಿದ್ದರೆ ಯಾವ ಮಗುವಿನಲ್ಲೂ ಮೊಳೆಯುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮಕ್ಕಳು ಗಟ್ಟಿಯಾಗಬೇಕು ಎಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಉಳಿ ಪೆಟ್ಟು ತಿಂದ ಕಲ್ಲು ವಿಗ್ರಹವಾದ ಮಾತು ನೆನಪಾಗುತ್ತದೆ. ನಾವು ಏಟು ತಿಂದೇ ಬೆಳೆದವರಲ್ಲವೇ, ಏನಾಗಿದೆ ಎಂದು ಕೇಳುತ್ತಾರೆ. ಆಗಿದೆ, ಕೆಲವರಿಗೆ ಬಹಳ ಆಗಿದೆ. ಅವರು ಹೇಳಿಕೊಳ್ಳುವುದಿಲ್ಲ ಅಷ್ಟೆ. ಪಕ್ಕದಲ್ಲಿ ಯಾರೂ ಇಲ್ಲದೆ, ಮುಗಿಯುವ ಸೂಚನೆಯೂ ಇಲ್ಲದೆ ನಡೆಯುವ ಒತ್ತಡ ಎಳೆಯ ಮೆದುಳಿಗೆ ಕೆಡುಕು ಮಾಡುತ್ತದೆಯೇ ಹೊರತು ಗಟ್ಟಿಮಾಡುವುದಿಲ್ಲ. ಹಾಗೆಂದು ಮಗುವಿನ ದಾರಿಯ ಪ್ರತಿ ಕಲ್ಲನ್ನೂ ಹೆಕ್ಕಿ ಹಾಕುತ್ತ ಹೋದರೂ ಫಲ ಅಷ್ಟಕ್ಕಷ್ಟೇ. ಬೇಕಾದದ್ದು ಮಗುವೇ ಆರಿಸಿಕೊಂಡ, ಮಗುವಿನ ಅಳತೆಯ ಕಷ್ಟ, ಮತ್ತು ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬ ಹಿರಿಯರು. ಇವೆರಡೂ ಅಗ್ಗವಾಗಿ ಒಟ್ಟಿಗೆ ಸಿಗುವ ಜಾಗ ಅಂಗಳ.

ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಶಿಶುವಿಹಾರಗಳ ಅಂಗಳದಲ್ಲಿ ಮಕ್ಕಳನ್ನು ನೋಡುತ್ತ, ಅವರೊಂದಿಗೆ ಮಾತಾಡುತ್ತ, ಎದೆ ಡವಗುಟ್ಟಿಸುವ ಆಟಗಳು ಯಾವುವು ಎಂದು 2007ರಲ್ಲಿ ಆರು ಬಗೆಗಳನ್ನು ಗುರುತಿಸಿದರು. ಓದುವಾಗ ಅದು ನಮ್ಮೂರಿನ ಪಟ್ಟಿಯ ಹಾಗೆಯೇ ಕಾಣುತ್ತದೆ. ಎತ್ತರ ಏರುವುದು ಮೊದಲನೆಯದು; ನಮ್ಮಲ್ಲಿ ಸೀಬೆ ಮರವಿಲ್ಲವೇ. ವೇಗಕ್ಕೆ ಮಲೆನಾಡಿನ ಮಕ್ಕಳು ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಳ್ಳುತ್ತಾರೆ. ಹರಿತವಾದ ಸಾಮಾನು ಹಿಡಿಯುವುದು, ನೀರು ಬೆಂಕಿಗಳ ಹತ್ತಿರ ಆಡುವುದು, ಮಣ್ಣಲ್ಲಿ ಉರುಳಾಡಿ ಗುದ್ದಾಡುವುದು. ಕೊನೆಯದು ಕಣ್ಮರೆಯಾಗುವುದು. ಕಣ್ಣಾಮುಚ್ಚಾಲೆಯಲ್ಲಿ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತ ಮಗು ಒಂದು ನಿಮಿಷ ನಿಜಕ್ಕೂ ಒಂಟಿ. ಸಿಕ್ಕಿಬಿದ್ದಾಗ ಅದಕ್ಕಾಗುವ ಖುಷಿಯಲ್ಲಿ ಅರ್ಧ ಪಾಲು ಆ ಒಂಟಿತನ ಮುಗಿಯಿತೆಂಬುದೇ. ಸ್ಯಾಂಡ್‌ಸೆಟರ್ ಗಮನಿಸಿದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಮಕ್ಕಳು ಹೆದರಿಕೆಯ ಪ್ರಮಾಣವನ್ನು ತಾವೇ ಏರಿಸಿ ಇಳಿಸಿಕೊಳ್ಳುತ್ತಾರೆ. ಇವತ್ತು ಎರಡನೇ ಮೆಟ್ಟಿಲಿಂದ ಹಾರಿದ ಮಗು ನಾಳೆ ಮೂರನೆಯದಕ್ಕೆ ಹೋಗಿ, ಅಳುಕಾದರೆ ಎರಡಕ್ಕೇ ಇಳಿಯುತ್ತದೆ. ಯಾರಾದರೂ ಎತ್ತಿ ನಾಲ್ಕನೆಯದರ ಮೇಲೆ ನಿಲ್ಲಿಸಿದರೆ ಈ ಲೆಕ್ಕ ಕೆಡುತ್ತದೆ. ‘ಹಾರು, ಹಾರು, ಅಪ್ಪ ಇದ್ದೀನಿ’ ಎಂದು ಹುರಿದುಂಬಿಸುವವರೂ ಒಂದು ರೀತಿಯಲ್ಲಿ ‘ಇಳಿ’ ಎಂದು ಕೂಗುವವರ ಸಾಲಿನವರೇ. ನಾರ್ವೆ ಸರ್ಕಾರ 2017ರಲ್ಲಿ ಪರಿಷ್ಕರಿಸಿದ ಶಿಶುವಿಹಾರದ ಪಠ್ಯಚೌಕಟ್ಟಿನಲ್ಲಿ, ಅಪಾಯವಿರುವ ಆಟವನ್ನು ಅಳೆದು ನಿಭಾಯಿಸಲು ಮಕ್ಕಳಿಗೆ ನೆರವಾಗಬೇಕು ಎಂದು ನೇರವಾಗಿಯೇ ಬರೆದಿದೆ.

ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದವರನ್ನು ಇಂದಿಗೂ ಹಿಂಬಾಲಿಸುತ್ತಿರುವ ಅಧ್ಯಯನವೊಂದಿದೆ. ಅದರಲ್ಲಿ ಸಿಕ್ಕ ಒಂದು ಫಲಿತಾಂಶ ಎಲ್ಲರ ಊಹೆಗೂ ತಿರುಗುಮುರುಗು. ಐದರಿಂದ ಒಂಬತ್ತು ವರ್ಷದೊಳಗೆ ಎತ್ತರದಿಂದ ಬಿದ್ದು ಪೆಟ್ಟು ಮಾಡಿಕೊಂಡ ಪ್ರಸಂಗಗಳು, ಹದಿನೆಂಟನೇ ವಯಸ್ಸಿನಲ್ಲಿ ಎತ್ತರಕ್ಕೆ ಹೆದರದವರಲ್ಲೇ ಹೆಚ್ಚಾಗಿದ್ದವು. ಬಿದ್ದದ್ದರಿಂದ ಹೆದರಿಕೆ ಹುಟ್ಟಿರಲಿಲ್ಲ. ಹಾಗಂತ ಬೀಳಿಸಿದರೆ ಧೈರ್ಯ ಬರುತ್ತದೆ ಎಂದು ತೀರ್ಮಾನಿಸಿಬಿಡಬೇಡಿ. ಹುಟ್ಟಾ ಅಂಜದ ಮಕ್ಕಳೇ ಹೆಚ್ಚು ಹತ್ತಿ ಹೆಚ್ಚು ಬಿದ್ದಿರಬಹುದು. ಒಮ್ಮೆ ಬಿದ್ದರೆ ಮಗು ಜೀವನಪೂರ್ತಿ ಪುಕ್ಕಲಾಗುತ್ತದೆ ಎಂಬ ನಮ್ಮ ದಿಗಿಲಿಗೆ ಆಧಾರ ಕಡಿಮೆ ಎಂಬಷ್ಟನ್ನು ಮಾತ್ರ ಇದರಿಂದ ತೆಗೆದುಕೊಳ್ಳಬಹುದು.

ಹಾಸನ ಜಿಲ್ಲೆಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಕಟ್ಟಡದ ಪಕ್ಕ ಒಂದು ಸೀಬೆ ಮರ. ಕೆಳಗಿನ ಕವಲು ದೊಡ್ಡವರ ಸೊಂಟದ ಮಟ್ಟಕ್ಕಿದೆ; ಮಕ್ಕಳ ಕಾಲು ತಾಗಿ ತಾಗಿ ತೊಗಟೆ ಹೋಗಿ ನುಣುಪಾಗಿದೆ. ನಾಲ್ಕು ವರ್ಷವಿರಬಹುದಾದ ಹುಡುಗಿಯೊಬ್ಬಳು ಆ ಕವಲಿಂದ ಇನ್ನೊಂದು ಕೊಂಬೆಗೆ ಏರಿ ಸಿಕ್ಕಿಹಾಕಿಕೊಂಡಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ತುಟಿ ನಡುಗತೊಡಗಿತು. ರಿಜಿಸ್ಟರು ಬರೆಯುತ್ತಿದ್ದ ಟೀಚರು ಪೆನ್ನು ಕೆಳಗಿಟ್ಟು ಬಂದರು. ಎತ್ತಿಕೊಳ್ಳುತ್ತಾರೆ ಎಂದುಕೊಂಡೆ, ನನಗೇ ಕೈ ತಡೆಯದಾಗಿತ್ತು. ಅವರು ಎತ್ತಲಿಲ್ಲ. ಬೆನ್ನಿನಿಂದ ಒಂದು ಗೇಣು ದೂರಕ್ಕೆ ಅಂಗೈ ಹಿಡಿದು ನಿಂತು ಕೇಳಿದರು: ‘ಯಾಕವ್ವ, ಹೆದ್ರಿಕೆ ಆಯ್ತಾ?’ ಹುಡುಗಿ ‘ಹ್ಞೂಂ’ ಎಂದಳು. ‘ಆಗ್ಲಿ ಬಿಡು. ಬಲಗಾಲ ಕೆಳಗೆ ಒಂದು ಗಂಟೈತೆ, ಸಿಕ್ತದಾ ನೋಡು.’ ಬರಿಗಾಲು ಗಾಳಿಯಲ್ಲಿ ತಡಕಾಡಿತು. ಹೆಬ್ಬೆರಳು ಮೊದಲು ತೊಗಟೆಗೆ ತಾಗಿತು, ಆಮೇಲೆ ಗಂಟಿಗೆ. ತೂಕ ಬಿಟ್ಟಳು. ಗಂಟು ತಡೆಯಿತು. ಇನ್ನೊಂದು ಕಾಲು ಕವಲಿಗೆ, ಅಲ್ಲಿಂದ ಧುಡುಮ್ಮನೆ ನೆಲಕ್ಕೆ. ಫ್ರಾಕಿನ ತುದಿಯಲ್ಲಿ ಮೂಗು ಒರೆಸಿಕೊಂಡವಳು ಟೀಚರು ರಿಜಿಸ್ಟರಿಗೆ ಮರಳುವಷ್ಟರಲ್ಲಿ ಮತ್ತೆ ಅದೇ ಕೊಂಬೆಯ ಮೇಲಿದ್ದಳು. ಈ ಸಲ ಇಳಿಯುವಾಗ ಕಾಲು ತಾನಾಗಿ ಗಂಟನ್ನು ಹುಡುಕಿಕೊಂಡಿತು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಹುಡುಗನಿಗೆ ಅವಳೇ ಹೇಳುತ್ತಿದ್ದಳು, ‘ಅಲ್ಲೊಂದು ಗಂಟೈತೆ ಕಣೋ.’

ಆ ಒಂದು ಗೇಣು ದೂರ ಹೇಳಿಕೊಡುವುದು ಸುಲಭವಲ್ಲ. ಕೈ ತಾಗಿದರೆ ಕೆಲಸ ಟೀಚರದ್ದಾಗುತ್ತದೆ, ಕೈ ಇಲ್ಲದಿದ್ದರೆ ಮಗುವಿಗೆ ದಿಕ್ಕಿರುವುದಿಲ್ಲ. ಅವರು ಹೆದರಿಕೆಯನ್ನು ಅಲ್ಲಗಳೆಯಲಿಲ್ಲ ಎಂಬುದನ್ನೂ ನೋಡಿ. ‘ಏನೂ ಆಗಲ್ಲ, ಅಳಬಾರದು’ ಎನ್ನಲಿಲ್ಲ. ‘ಹುಷಾರು’, ‘ಜೋಪಾನ’ ಎಂಬ ಮಾತುಗಳನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೋ! ಅವುಗಳಲ್ಲಿ ಮಗುವಿಗೆ ಉಪಯೋಗವಾಗುವ ಸುದ್ದಿ ಏನೂ ಇಲ್ಲ. ನಮ್ಮ ಗಾಬರಿ ಮಾತ್ರ ತಲುಪುತ್ತದೆ. ‘ಆ ಕೊಂಬೆ ಅಲ್ಲಾಡ್ತಿದೆಯಾ?’, ‘ಕಲ್ಲು ಒದ್ದೆ ಇದೆ ನೋಡು’, ‘ಮುಂದಿನ ಕಾಲು ಎಲ್ಲಿಡ್ತೀಯ?’ ಎಂದರೆ ಅದು ಸುದ್ದಿ.

ಹೊರಗಿನ ಆಟ ಎಂದಾಗ ನಗರದ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಗ ಯುರೋಪಿನ ಕಾಡಿನ ಶಿಶುವಿಹಾರಗಳ ವಿಡಿಯೊಗಳು ಓಡಾಡುತ್ತಿವೆ. 1950ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ಎಲಾ ಫ್ಲಾಟೌ ಎಂಬ ತಾಯಿ ತನ್ನ ಮತ್ತು ನೆರೆಮನೆಯ ಮಕ್ಕಳನ್ನು ದಿನವೂ ಕಾಡಿಗೆ ಕರೆದೊಯ್ಯತೊಡಗಿದ್ದು ಅದರ ಮೂಲ. ಜರ್ಮನಿಯ ಫ್ಲೆನ್ಸ್‌ಬುರ್ಗ್‌ನಲ್ಲಿ 1993ರಲ್ಲಿ ಸರ್ಕಾರದ ಮಾನ್ಯತೆ ಪಡೆದ ಕಾಡಿನ ಶಿಶುವಿಹಾರ ಶುರುವಾಯಿತು. ಈಗ ಆ ದೇಶದಲ್ಲಿ ಅಂಥವು ಒಂದೂವರೆ ಸಾವಿರಕ್ಕೂ ಹೆಚ್ಚಿವೆ. ಮೂರರಿಂದ ಆರು ವರ್ಷದ ಮಕ್ಕಳು ಮಳೆ ಹಿಮ ಎನ್ನದೆ ಹೊರಗೇ ಇರುತ್ತಾರೆ. ವಿಪರೀತ ಹವೆಯ ದಿನಕ್ಕೆಂದು ಚಕ್ರವಿರುವ ಒಂದು ಮರದ ಗೂಡು ಇರುತ್ತದೆ. ನೋಡಲು ಚೆಂದ. ಆದರೆ ಇದನ್ನು ಹಾಗೆಯೇ ಎತ್ತಿ ತಂದು ಸಾಗರ, ಸೊರಬದ ಕಾಡಿನಲ್ಲಿ ಇಡುವಂತಿಲ್ಲ. ಜರ್ಮನಿಯ ತಾಯಂದಿರು ಸಂಜೆ ಮಕ್ಕಳ ಮೈಯಲ್ಲಿ ಉಣ್ಣಿ ಹುಡುಕುತ್ತಾರೆ. ಅಲ್ಲಿನ ಉಣ್ಣಿ ತರುವ ಮೆದುಳುಜ್ವರಕ್ಕೆ ಲಸಿಕೆಯೂ ಇದೆ. ಅದೇ ವೈರಸ್ ಬಳಗಕ್ಕೆ ಸೇರಿದ್ದು ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಇಂದಿಗೂ ಬೇಸಿಗೆ ಮುಗಿಯುವವರೆಗೆ ಮಲೆನಾಡನ್ನು ಕಾಡುತ್ತದೆ. ದರಗು ತರಲು ಹೋಗುವ ದೊಡ್ಡವರೇ ಉಣ್ಣಿ ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುವ ಜಾಗಕ್ಕೆ ನಾಲ್ಕು ವರ್ಷದವರನ್ನು ಕಳಿಸಲಾದೀತೇ?

ಕಾಡಿಗೆ ಮಕ್ಕಳನ್ನು ಒಯ್ಯುವ ಬದಲು ಅಂಗಳಕ್ಕೇ ಮಣ್ಣು ತಂದ ಪ್ರಯೋಗ ಫಿನ್‌ಲೆಂಡಿನಲ್ಲಿ ನಡೆದಿದೆ. ಜಲ್ಲಿ ಹಾಸಿದ್ದ ಕೆಲವು ಶಿಶುಪಾಲನಾ ಕೇಂದ್ರಗಳ ಅಂಗಳಕ್ಕೆ ಕಾಡಿನ ನೆಲದ ಪದರ ಮತ್ತು ಹುಲ್ಲು ತಂದು ಹಾಸಿ, ಗಿಡ ನೆಡುವ ತೊಟ್ಟಿಗಳನ್ನಿಟ್ಟು, ಮೂರರಿಂದ ಐದು ವರ್ಷದ ಮಕ್ಕಳನ್ನು ಆಡಲು ಬಿಟ್ಟರು. 28 ದಿನಗಳಲ್ಲಿ ಮಕ್ಕಳ ಚರ್ಮದ ಮೇಲಿನ ಒಳ್ಳೆಯ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ರಕ್ತಕಣಗಳಲ್ಲೂ ಬದಲಾವಣೆ ಕಂಡಿತು ಎಂದು 2020ರಲ್ಲಿ ಪ್ರಕಟವಾಯಿತು. ಎಪ್ಪತ್ತೈದು ಮಕ್ಕಳ ಸಣ್ಣ ಪ್ರಯೋಗ; ಅದರ ಮೇಲೆ ದೊಡ್ಡ ಮಾಳಿಗೆ ಕಟ್ಟುವುದು ಬೇಡ. ಆದರೂ ಪ್ಲಾಸ್ಟಿಕ್ ಹುಲ್ಲು ಹಾಸಿ ಅದರ ಫೋಟೊವನ್ನೇ ಜಾಹೀರಾತಿಗೆ ಹಾಕುವ ನಮ್ಮ ಪ್ರಿಸ್ಕೂಲುಗಳು ಒಮ್ಮೆ ಯೋಚಿಸಲು ಇಷ್ಟು ಸಾಕು. ಏಪ್ರಿಲ್ ಮಧ್ಯಾಹ್ನ ಆ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬರಿಗಾಲಿಟ್ಟು ನೋಡಿದವರಿಗೆ ಬೇರೆ ವಿವರಣೆ ಬೇಡ.

ಇಷ್ಟಕ್ಕೂ ಈ ವಿಚಾರಕ್ಕೆ ಯುರೋಪಿನ ಕಡೆಗೇ ನೋಡಬೇಕಾಗಿಲ್ಲ. ಭಾವನಗರದಲ್ಲಿ ಗಿಜುಭಾಯಿ ಬಧೇಕ ಅವರ ಬಾಲಮಂದಿರ 1920ರಲ್ಲೇ ತೆರೆದಿತ್ತು. ಅಲ್ಲಿ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಗೆ ಹೋದರು. ಕಟ್ಟಡಕ್ಕೆ ಬಾರದ ಬಡ ಮಕ್ಕಳ ಕೇರಿಗೇ ಶಾಲೆ ನಡೆದುಹೋಯಿತು. ಮನೆಯಂಗಳವೇ ತರಗತಿ, ಚಿಪ್ಪು ಬೀಜ ಎಲೆ ಕಲ್ಲುಗಳೇ ಪಾಠೋಪಕರಣ. ಮುಂದೆ ಅನುತಾಯಿ ವಾಘ್ ಜೊತೆ ಕೋಸಬಾಡ್ ಗುಡ್ಡಕ್ಕೆ ಹೋದಾಗ, ದನ ಕಾಯುವ ವಾರ್ಲಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ನಮ್ಮಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ಮಾಡಿದ್ದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ಈಗ ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಹೆಸರಿನಲ್ಲಿ ಅಂಗಳವಿದ್ದರೂ ನಗರಗಳಲ್ಲಿ ಎಷ್ಟೋ ಕೇಂದ್ರಗಳು ಬಾಡಿಗೆಯ ಒಂದೇ ಕೋಣೆಯಲ್ಲಿ ನಡೆಯುತ್ತವೆ. ಬಾಗಿಲು ತೆಗೆದರೆ ಚರಂಡಿ, ಅದರಾಚೆ ಸ್ಕೂಟರುಗಳು.

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ತಯಾರಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರಿಗೆ ಆಟವೇ ಕಲಿಕೆಯ ದಾರಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸುತ್ತಿರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆಯಾಗಿರಬೇಕು. ಆದರೆ ಶಾಲೆಗೆ ಆಟದ ಮೈದಾನ ಇರಲೇಬೇಕೆನ್ನುವ ಶಿಕ್ಷಣ ಹಕ್ಕು ಕಾಯ್ದೆ ಹೊಣೆ ಹೊರುವುದು 6ರಿಂದ 14 ವರ್ಷದವರಿಗೆ. ನೆಲ ಹೆಚ್ಚು ಬೇಕಾದ ವಯಸ್ಸಿನವರು ಕಾನೂನಿನ ಹೊಸ್ತಿಲಾಚೆ ಉಳಿದಿದ್ದಾರೆ.

ಹೆತ್ತವರ ಒತ್ತಡವೂ ಕಡಿಮೆಯದಲ್ಲ. ಎಲ್‌ಕೆಜಿ ಮುಗಿಯುವಷ್ಟರಲ್ಲಿ ನೂರರವರೆಗೆ ಬರೆಯಬೇಕು, ಎಬಿಸಿಡಿ ಪಟಪಟ ಹೇಳಬೇಕು. ಕಾಪಿ ಪುಸ್ತಕ ಮನೆಗೆ ಬರುತ್ತದೆ, ತೋರಿಸಬಹುದು. ಮರಳಿನಲ್ಲಿ ಕಲಿತದ್ದಕ್ಕೆ ಪುರಾವೆ ಏನು? ಚಡ್ಡಿಗಾದ ಕೊಳೆ ಮಾತ್ರ. ಅದನ್ನೂ ತೊಳೆಯಬೇಕಾದವರು ತಾಯಂದಿರೇ ಆದ್ದರಿಂದ ಅವರ ಬೇಸರವನ್ನು ಹಗುರವಾಗಿ ಕಾಣುವಂತಿಲ್ಲ. ಸಾಲದ್ದಕ್ಕೆ ಮಕ್ಕಳ ಜಗಳ. ಯಾರ ಮಗ ಯಾರನ್ನು ತಳ್ಳಿದ ಎಂಬುದು ಸಂಜೆಯೊಳಗೆ ಗುಂಪಿನಲ್ಲಿ ದೊಡ್ಡವರ ಜಗಳವಾಗಿರುತ್ತದೆ. ನ್ಯೂಜಿಲೆಂಡಿನ 16 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಅರ್ಧದಷ್ಟು ಶಾಲೆಗಳಲ್ಲಿ ಆಟದ ನಿಯಮಗಳನ್ನು ಸಡಿಲಿಸಿ, ಹತ್ತಲು, ಎಳೆದಾಡಲು, ಕಟ್ಟಲು ಬೇಕಾದ ಸಾಮಾನು ಕೊಟ್ಟರು. ಅಲ್ಲಿ ತಳ್ಳಾಟ ಹೆಚ್ಚಾಯಿತು ಎಂದು ಮಕ್ಕಳೇ ಹೇಳಿದರು. ಆದರೆ ಟೀಚರ ಬಳಿ ದೂರು ಒಯ್ಯುವುದು ಕಡಿಮೆಯಾಗಿತ್ತು. ಅಲ್ಲಿನ ಮಕ್ಕಳು ವಯಸ್ಸಿನಲ್ಲಿ ದೊಡ್ಡವರು, ನಿಜ. ಆದರೂ ತಮ್ಮ ತಕರಾರನ್ನು ತಾವೇ ಬಗೆಹರಿಸಿಕೊಳ್ಳುವ ರೂಢಿ ಹೇಗೆ ಬರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸುಳಿವು.

ನಿಜವಾದ ಅಪಾಯಗಳ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಮುಚ್ಚಳವಿಲ್ಲದ ಸಂಪು, ತುಕ್ಕು ಹಿಡಿದ ಜಾರುಬಂಡಿಯ ಚೂಪು ಅಂಚು, ಬೇಲಿ ಸಂದಿಯಿಂದ ನುಗ್ಗುವ ಬೀದಿನಾಯಿ, ಕಲ್ಲುರಾಶಿಯಡಿಯ ಹಾವು, ನಿಂತ ನೀರಿನ ಸೊಳ್ಳೆ. ಇವನ್ನು ಮಗು ಕಂಡು ಅಳೆಯಲಾರದು, ಆದ್ದರಿಂದ ಇವು ಆಟದ ಭಾಗವೂ ಅಲ್ಲ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಅಂಗಳಕ್ಕೆ ಒಂದು ಸುತ್ತು ಹಾಕಿ, ಮರಳನ್ನು ಕೋಲಿನಿಂದ ಕೆದಕಿ ನೋಡಿ, ರಾತ್ರಿ ಬೆಕ್ಕು ನಾಯಿ ಕೊಳಕು ಮಾಡದಂತೆ ಟಾರ್ಪಾಲು ಮುಚ್ಚಿಟ್ಟರೆ ದೊಡ್ಡವರ ಕೆಲಸ ಬಹುಪಾಲು ಮುಗಿಯಿತು. ಕಲಬುರಗಿ, ರಾಯಚೂರಿನ ಬಿಸಿಲಿಗೆ ಬೆಳಿಗ್ಗೆ ಹತ್ತರೊಳಗಿನ ಹೊತ್ತೇ ಸರಿ, ಅದೂ ಬೇವಿನ ನೆರಳಲ್ಲಿ. ಕರಾವಳಿಯಲ್ಲಿ ಸಿಡಿಲಿಲ್ಲದ ಮಳೆಗೆ ಒಂದು ಜೊತೆ ಒಣ ಬಟ್ಟೆ ಇದ್ದರಾಯಿತು. ಪ್ರಿಸ್ಕೂಲಿಗೆ ಸೇರಿಸಲು ಹೋದವರು ಫೀಸಿನ ಜೊತೆ ಇನ್ನೊಂದು ಪ್ರಶ್ನೆ ಕೇಳಿ ನೋಡಬಹುದು: ಮಗು ಬಿದ್ದರೆ ಏನು ಮಾಡುತ್ತೀರಿ? ‘ನಮ್ಮಲ್ಲಿ ಬೀಳೋದೇ ಇಲ್ಲ ಸಾರ್, ಎಲ್ಲಾ ಕಡೆ ಕ್ಯಾಮೆರಾ ಇದೆ’ ಎಂಬ ಉತ್ತರ ಬಂದರೆ ಇನ್ನೊಂದು ಶಾಲೆ ನೋಡುವುದು ಒಳ್ಳೆಯದು.

ಅಂಗನವಾಡಿಯ ಮಾತು ಬೇರೆ. ಅಲ್ಲಿ ಮರವಿರಬಹುದು, ಮರಳೂ ಸಿಗಬಹುದು. ಸಿಗದಿರುವುದು ಕಾರ್ಯಕರ್ತೆಯ ಬಿಡುವು. ತೂಕ ಅಳತೆ, ಪೋಷಣ್ ಟ್ರ್ಯಾಕರ್ ಆ್ಯಪಿಗೆ ಮಾಹಿತಿ, ಗರ್ಭಿಣಿಯರ ಮನೆಭೇಟಿ, ಯಾವುದೋ ಸಮೀಕ್ಷೆ, ಚುನಾವಣೆ ಬಂತೆಂದರೆ ಮತದಾರರ ಪಟ್ಟಿ. ಸಹಾಯಕಿ ಒಲೆಯ ಮುಂದೆ. ಇಪ್ಪತ್ತು ಮಕ್ಕಳಿಗೆ ಒಬ್ಬಳೇ ಇರುವಾಗ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಪದ್ಯ ಹೇಳಿಸುವುದೇ ಸುರಕ್ಷಿತ ಎಂದು ಅವಳಿಗೆ ಅನ್ನಿಸಿದರೆ ಬೈಯುವುದು ಹೇಗೆ? ಮಂಡಿ ತರಚಿದ ದಿನ ಊರವರಿಗೂ ಮೇಲ್ವಿಚಾರಕಿಗೂ ಉತ್ತರ ಹೇಳಬೇಕಾದವಳೂ ಅವಳೇ. ಸಾಂಬಾರಿಗೆ ಇಡುವ ಮುಂಚಿನ ಅರ್ಧ ಗಂಟೆ ಸಹಾಯಕಿಯೂ ಹೊರಗೆ ನಿಲ್ಲುವಂತೆ ವೇಳಾಪಟ್ಟಿ ಬದಲಿಸಬಹುದು. ಆ ಅರ್ಧ ಗಂಟೆ ಮೊಬೈಲು ತೆಗೆಯಬೇಕಾಗಿಲ್ಲ ಎಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಬಹುದು. ತರಚು ಗಾಯಕ್ಕೆ ನೋಟಿಸು ಕೊಡುವುದಿಲ್ಲ ಎಂಬ ಸಾಲನ್ನೂ ಅದರಲ್ಲೇ ಸೇರಿಸಬಹುದು.